ಏರ್ಕಾಡಿನ ಮಂಜಿನಲ್ಲಿ ಸಿಳ್ಳಾರ

ಶಕುನ, ಹಕ್ಕಿಯ ನುಡಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೂವತ್ತರ ದಶಕದ ಮಾತು. ನಾನು ಸೇಲಂನಲ್ಲಿ ಕೈಮಗ್ಗ ನೇಯುತ್ತಿದ್ದೆ. ಹೆಂಡತಿ ನಂಜಮ್ಮನ ಅಣ್ಣ ಏರ್ಕಾಡಿನ ಕಾಫಿ ತೋಟದಲ್ಲಿದ್ದ. ಅವನ ಕೂಸನ್ನು ನೋಡಿಕೊಂಡು ಇಬ್ಬರೂ ಕಾಲುದಾರಿಯಲ್ಲಿ ಬೆಟ್ಟ ಇಳಿಯುತ್ತಿದ್ದೆವು. ನಡುಹಗಲಲ್ಲೇ ಮಂಜು ಕವಿಯಿತು. ಹಿಂದೆಯೇ ಬರುತ್ತಿದ್ದವಳು, ತಿರುಗಿ ನೋಡಿದರೆ ಇಲ್ಲ.

ಗಂಟಲು ಕಟ್ಟುವವರೆಗೆ ಕೂಗಿದೆ. ಹಳ್ಳದ ಮೊರೆತ ಎಲ್ಲವನ್ನೂ ನುಂಗಿತು. ಆಗ ಕೆಳಗಿನಿಂದ ಸಿಳ್ಳೆ ಕೇಳಿಸಿತು. ಯಾರೋ ಮನುಷ್ಯ ಎಂದುಕೊಂಡು ಬೇರು ಹಿಡಿದು ಇಳಿದೆ. ಬಂಡೆಯ ಮೇಲಿದ್ದದ್ದು ಸಿಳ್ಳಾರ ಹಕ್ಕಿ. ಕಪ್ಪು ಮೈ, ಹಣೆಯಲ್ಲೂ ಹೆಗಲಲ್ಲೂ ಹೊಸ ರೇಷ್ಮೆಯಂತೆ ಹೊಳೆಯುವ ನೀಲಿ. ಅದು ಮುಂದಿನ ಬಂಡೆಗೆ ಹಾರಿ, ಮನಸ್ಸಿಗೆ ಬಂದ ಹಾಗೆ ಹಾಡಿತು. ಬೇರೆ ದಾರಿ ತೋಚದೆ ಹಿಂದೆ ಹಿಂದೆಯೇ ಹೋದೆ.

ಕೊನೆಗೆ ಅದು ಕೂತ ಬಂಡೆಯ ಬುಡದಲ್ಲಿ ನಂಜಮ್ಮ ಇದ್ದಳು. ಜಾರಿ ಬಿದ್ದು ಪಾದ ಉಳುಕಿ ಊದಿತ್ತು. ಅವಳಿಂದ ಒಂದು ಮಾರು ಆಚೆಗೆ ನೆಲವೇ ಇರಲಿಲ್ಲ; ಹಳ್ಳ ಅಲ್ಲಿಂದ ಪ್ರಪಾತಕ್ಕೆ ಧುಮುಕುತ್ತಿತ್ತು.

ಅವಳನ್ನು ಬೆನ್ನಿಗೆ ಹೊತ್ತುಕೊಂಡೆ. ಮಗ್ಗದ ಮುಂದೆ ಕೂತೇ ಬೆಳೆದವನಿಗೆ ಅಷ್ಟು ಬಲ ಎಲ್ಲಿಂದ ಬಂತೋ! ಬೆಟ್ಟದ ಬುಡದಲ್ಲಿ ಗಾಡಿ ಸಿಕ್ಕಿತು. ಆದರೂ ನಮ್ಮ ಬೀದಿಯ ಬಾಯಲ್ಲಿ ಗಾಡಿ ನಿಲ್ಲಿಸಿ ಮತ್ತೆ ಬೆನ್ನಿಗೇ ಏರಿಸಿಕೊಂಡೆ. ಕುಸ್ತಿ ಗೆದ್ದವನಂತೆ ನಡೆದೆ. ಮಗ್ಗ ಬಿಟ್ಟು ಓಡಿಬಂದವರು ಕೇಕೆ ಹಾಕಿದರು.

ಮನೆಯಲ್ಲಿ ಕಾಲಿಗೆ ಎಣ್ಣೆ ಉಜ್ಜುತ್ತಿದ್ದಾಗ ಅವಳೆಂದಳು: "ನೀವು ಸಿಳ್ಳೆ ಆಕ್ತಾ ಇದ್ರಿ, ಅದ್ಕೇ ಕುಂತೆ. ಇಲ್ದಿದ್ರೆ ಎದ್ದು ಮುಂದ್ಕೆ ಓಗ್ಬುಡ್ತಿದ್ದೆ."

"ನಾನೆಲ್ಲಿ ಆಕ್ದೆ? ಅದು ಸಿಳ್ಳಾರ ಕಣೆ."

"ಸಿಳ್ಳಾರ ನಂಗೂ ಗೊತ್ತೈತೆ. ಸತ್ಯಮಾ ಏಳ್ತೀನಿ, ಅದು ನಿಮ್ದೇ."

ಆ ಸಿಳ್ಳೆಯನ್ನು ಹಾಕಿಯೂ ತೋರಿಸಿದಳು. ಒಂದು ಉದ್ದ, ಎರಡು ಗಿಡ್ಡ. ಲಾಳಿಯ ನೂಲು ಮುಗಿದಾಗ, ಒಳಗಿರುವ ಅವಳನ್ನು ನಾನು ಕರೆಯುವ ಸಿಳ್ಳೆ ಅದು. ಅಂದು ಬೆಟ್ಟದಲ್ಲಿ ಸಿಳ್ಳೆ ಹಾಕಲು ನನ್ನ ಬಾಯಲ್ಲಿ ಪಸೆಯೇ ಇರಲಿಲ್ಲ.

ಆಮೇಲೆ ಎಷ್ಟೋ ಸಲ ಬೆಟ್ಟ ಹತ್ತಿದ್ದೇನೆ. ಸಿಳ್ಳಾರ ನನ್ನೆದುರಿಗೇ ಹಾಡಿದ್ದನ್ನು ಕೇಳಿದ್ದೇನೆ. ಆ ಕರೆ ಮಾತ್ರ ಅದರ ಕೊರಳಲ್ಲಿ ಒಮ್ಮೆಯೂ ಬಂದಿಲ್ಲ. ನಂಜಮ್ಮನಿಗೆ ಇದು ಒಗಟೇ ಅಲ್ಲ. "ಸಿಳ್ಳೆ ಆಕುದ್ರಿ, ಕುಂತಿದ್ದೆ, ಬಂದ್ರಿ," ಎಂದು ಇವತ್ತಿಗೂ ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ನಾನು ಸಿಳ್ಳೆ ಹಾಕಿರಲಿಲ್ಲ.