ಹಾಜರಿ ಹಿಡಿದು ಮನೆಗೇ ಬಂದ ಮೇಡಂ

ವಿಜಯನಗರದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀಮತಿ ವರಲಕ್ಷ್ಮಿಯವರಿಗೆ ಶಿಕ್ಷಣ ಕ್ಷೇತ್ರದಲ್ಲಿ ಸಲ್ಲಬೇಕಾದ ಸ್ಥಾನವೆಂದರೆ ಅದು ಜನರ ಮನೆಯ ಹೊಸ್ತಿಲು. ಓದು ನಿಲ್ಲಿಸಿದವರಿಗಾಗಿ ಹತ್ತನೇ ತರಗತಿಯ ಆನ್‌ಲೈನ್ ಕೋರ್ಸು ಶುರುವಾದಾಗ ಉಳಿದವರು ನೆಟ್‌ವರ್ಕಿನ ಚಿಂತೆಗೆ ಬಿದ್ದರು. ಮೇಡಂ ವರ್ಕಿಗೆ ಇಳಿದರು. ಕುಕ್ಕರ್ ಎಷ್ಟು ಹೊತ್ತಿಗೆ ಕೂಗುತ್ತದೆ, ಫೋನು ಅಪ್ಪನ ಜೇಬಿನಿಂದ ಮಗಳ ಕೈಗೆ ಯಾವಾಗ ಬರುತ್ತದೆ ಎಂದೆಲ್ಲ ಪೋಷಕರನ್ನು ಕೂರಿಸಿಕೊಂಡು ವಿಚಾರಿಸಿದ, ಊರಿಗೆಲ್ಲ ಮ್ಯೂಟ್ ಮಾಡುವುದನ್ನು ಕಲಿಸಿ ತಾವು ಮಾತ್ರ ಎಂದೂ ಮ್ಯೂಟ್ ಆಗದ ಹಿರಿಮೆ ಅವರದು.

ಮೊದಲ ವರ್ಷ ಈ ತಯಾರಿ ಶಾಲೆಯ ಸಭಾಂಗಣದಲ್ಲೇ ಮುಗಿಯಿತು. ಅದು ಸಾಲದೆಂದು ತೋರಿಸಿಕೊಟ್ಟವಳು ಲಗ್ಗೆರೆಯ ಶೈಲಾ. ಯಾದಗಿರಿ ಕಡೆಯಿಂದ ಬಂದು ಗಾರ್ಮೆಂಟ್ಸ್ ಸೇರಿದ ಅಕ್ಕವ್ವನ ಮಗಳು. ವಲಸೆಯಲ್ಲಿ ಎರಡು ವರ್ಷದ ಓದು ತಪ್ಪಿತ್ತು. ಕ್ಯಾಮೆರಾದಲ್ಲಿ ಮುಖ ಕಂಡರಷ್ಟೇ ಹಾಜರಿ, ಸತತ ಮೂರು ದಿನ ಗೈರಾದರೆ ಹೆಸರು ರದ್ದು ಎಂಬುದು ಕೋರ್ಸಿನ ನಿಯಮ. ಪರದೆಯ ಮೇಲಿನ ಶೈಲಾಳ ಚೌಕದಲ್ಲಿ ಎರಡು ದಿನ ಕಂಡದ್ದು ತಿರುಗುವ ಫ್ಯಾನು ಮಾತ್ರ, ಫ್ಯಾನಿಗೆ ಹಾಜರಿ ಕೊಡುವಂತಿರಲಿಲ್ಲ. ಹುಡುಗಿಗೆ ಆಸಕ್ತಿಯಿಲ್ಲ, ಬಿಟ್ಟುಬಿಡಿ ಎಂದರು ಪಾಠ ಮಾಡುತ್ತಿದ್ದ ಗಂಗಾಧರಯ್ಯನವರು.

ಮೂರನೆಯ ಬೆಳಿಗ್ಗೆ, ಪಾಠಕ್ಕೆ ಹತ್ತು ನಿಮಿಷವಿರುವಾಗ, ಮೇಡಂ ಅಕ್ಕವ್ವನ ಬಾಗಿಲು ತಟ್ಟಿದರು. ಮನೆಗಿದ್ದ ಒಂದೇ ಕುರ್ಚಿಗೆ ಒಗೆದ ಟವೆಲ್ಲು ಹಾಸಿ, ಅದರ ಮೇಲೆ ಫೋನನ್ನು ಭಕ್ತಿಯಿಂದ ಅಂಗಾತ ಮಲಗಿಸಲಾಗಿತ್ತು. ಕೆಳಗೆ ನೆಲದ ಮೇಲೆ ನೋಟ್‌ಬುಕ್ಕು ಹಿಡಿದು ಶೈಲಾ ಕೂತಿದ್ದಳು. ಎರಡೂ ದಿನದ ಲೆಕ್ಕಗಳು ಒಂದೂ ಬಿಡದಂತೆ ಅದರಲ್ಲಿದ್ದವು.

"ಮಾಸ್ತರು ಮ್ಯಾಲೆ ಕುಂದರಬೇಕಲ್ರೀ? ಹುಡುಗಿ ಸರಿಸಮ ಕುಂತ್ರ ಏನಂದಾರು?" ಎಂದಳು ಅಕ್ಕವ್ವ.

ಮೇಡಂ ನಗಲಿಲ್ಲ. ಫೋನನ್ನು ಕೆಳಗಿಳಿಸಿ ಜೋಳದ ಡಬ್ಬಿಗೆ ಒರಗಿಸಿದರು. ಅಕ್ಕವ್ವ ಬೇಡವೆಂದು ಕೈ ಹಿಡಿದರೂ ಕೇಳದೆ ತಾವೂ ನೆಲಕ್ಕೆ ಕೂತರು.

"ನಾನೂ ಮೇಷ್ಟ್ರೇ ಕಣಮ್ಮ. ನೆಲದ ಮೇಲೆ ಕೂತೆ, ಏನ್ ಕಡಿಮೆ ಆಯ್ತು? ಮಗಳ ಮುಖ ಕಾಣ್ಲಿ, ನಮಗೆ ಅದೇ ಮರ್ಯಾದೆ."

ಎಂಟು ಗಂಟೆಗೆ ಗಂಗಾಧರಯ್ಯನವರು ಹೆಸರು ಕೂಗಿದರು. "ಅದೀನ್ರೀ ಸರ" ಎಂದ ದನಿ ಪಕ್ಕದ ಮನೆಗೂ ಕೇಳಿಸಿತು. ಹೆಸರು ಉಳಿಯಿತು, ಆ ವರ್ಷದ ಫಲಿತಾಂಶದಲ್ಲಿ ಅದು ಮೊದಲ ದರ್ಜೆಯ ಸಾಲಿನಲ್ಲಿತ್ತು.

ಅಂದಿನಿಂದ ಕೋರ್ಸಿಗೆ ಮುಂಚೆ ಪ್ರತಿ ಮನೆಯಲ್ಲೂ, ಪಾಠದ ಹೊತ್ತಿಗೇ, ಮನೆಮಂದಿಯನ್ನೆಲ್ಲ ಕೂರಿಸಿ ಒಂದು ತಾಲೀಮು ನಡೆಸುವುದು ಮೇಡಂ ಹಾಕಿಕೊಟ್ಟ ಪದ್ಧತಿ. ಕೆಂಗೇರಿಯಿಂದ ಬಸವೇಶ್ವರನಗರದವರೆಗೆ ನಾಲ್ಕು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳಾದವು. ಗೈರಿನ ಕಾರಣಕ್ಕೆ ಒಂದು ಹೆಸರೂ ರದ್ದಾಗಲಿಲ್ಲ. ಆಸಕ್ತಿಯಿಲ್ಲ ಎಂದಿದ್ದ ಗಂಗಾಧರಯ್ಯನವರೇ ಈಗ ವಿಳಾಸದ ಪಟ್ಟಿ ಹಿಡಿದು ಮುಂದೆ ನಡೆಯುತ್ತಾರೆ.

ಈ ಸಾಲಿನ ಪಟ್ಟಿಯಲ್ಲಿ ಅಕ್ಕವ್ವನ ಹೆಸರಿದೆ, ವಿದ್ಯಾರ್ಥಿನಿಯಾಗಿ. ನಿವೃತ್ತಿಯ ಮರುದಿನವೇ ಆಕೆಯ ತಾಲೀಮಿಗೆ ಹೋಗಲು ಮೇಡಂ ಒಪ್ಪಿದ್ದಾರೆ. ಅವರಿಗೆ ನೂರು ತುಂಬಲಿ, ಲಿಫ್ಟಿಲ್ಲದ ಮಹಡಿಗಳನ್ನು ಹತ್ತುವಷ್ಟು ಮಂಡಿ ಗಟ್ಟಿಯಿರಲಿ. ಅವರು ತಟ್ಟಬೇಕಾದ ಬಾಗಿಲುಗಳು ಈ ಕಡೆ ಇನ್ನೂ ಬಹಳ ಇವೆ.