ಕಡಲತೀರ ಆರಿಸುವ ಕಷ್ಟ

ರಜೆಗೆ ಊರಿಗೆ ಹೋಗುವವನಿಗೆ ಆಯ್ಕೆಯ ಕಷ್ಟವಿಲ್ಲ. ವಿಮಾನ ಮಂಗಳೂರಿನಲ್ಲಿ ಇಳಿಸಿದ ಮೇಲೆ ಯಾವ ಮನೆಯಲ್ಲಿ ಊಟ, ಯಾವ ಮದುವೆಯಲ್ಲಿ ಹಾಜರಿ ಎಂಬುದನ್ನೆಲ್ಲ ಬಂಧುಗಳೇ ತೀರ್ಮಾನಿಸಿರುತ್ತಾರೆ. ಆದರೆ ಕುವೈತಿನ ಬಿಸಿಲಿನಲ್ಲಿ ಬೆಂದು, ಈ ಸಲ ಊರಲ್ಲ, ಗ್ರೀಸ್ ದೇಶದ ನಾಕ್ಸೋಸ್ ದ್ವೀಪ ಎಂದು ನಿಶ್ಚಯಿಸಿದ ಗೃಹಸ್ಥನ ಪಾಡನ್ನು ನೀವು ನೋಡಬೇಕು. ಇರುವುದು ಒಂದು ವಾರದ ರಜೆ, ದ್ವೀಪದ ಸುತ್ತ ಲೆಕ್ಕಕ್ಕೆ ಸಿಗದಷ್ಟು ಕಡಲತೀರಗಳು, ಫೋನಿನ ಪರದೆಯ ಮೇಲೆ ಅವೆಲ್ಲವೂ ಒಂದೇ ನೀಲಿ.

ಕುವೈತಿನ ಕಡಲಂಚಿನ ಬಡಾವಣೆಯಾದ ಫಿಂಟಾಸಿನ ನಮ್ಮ ಫ್ಲ್ಯಾಟಿನಲ್ಲಿ ಈ ಆಯ್ಕೆಯ ಹೊಣೆ ನಿರ್ವಿವಾದವಾಗಿ ನನ್ನದಾಯಿತು. ಮಲ್ಪೆಯ ಪಕ್ಕದಲ್ಲಿ ಹುಟ್ಟಿದವನೆಂಬ ಒಂದೇ ಅರ್ಹತೆಯಿಂದ ನಾನು ಇಲ್ಲಿಯ ಕನ್ನಡಿಗರ ನಡುವೆ ಸಮುದ್ರವಿಷಯದ ಪಂಡಿತ. ಈ ಪಂಡಿತ ಈವರೆಗೆ ಮೊಣಕಾಲು ದಾಟಿ ಸಮುದ್ರಕ್ಕೆ ಇಳಿದವನಲ್ಲ ಎಂಬ ಸಂಗತಿಯನ್ನು ಯಾರೂ ವಿಚಾರಿಸಿಲ್ಲ, ನಾನಾಗಿ ಹೇಳುವ ಪ್ರಸಂಗವೂ ಒದಗಿಲ್ಲ.

ನನ್ನ ಮಾನದಂಡ ಒಂದೇ: ಸೂರ್ಯಾಸ್ತ. ನಮ್ಮ ಊರಿನವರಿಗೆ ಕಡಲೆಂದರೆ ಪಶ್ಚಿಮ. ಕುವೈತಿನಲ್ಲಿ ಅದು ಪೂರ್ವಕ್ಕಿದೆ. ನಿತ್ಯ ಬೆಳಿಗ್ಗೆ ನೀರಿನೊಳಗಿಂದ ಎದ್ದು ಬರುವ ಸೂರ್ಯನನ್ನು ಇಷ್ಟು ವರ್ಷಗಳಾದರೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ, ನೆಂಟರು ಹಿತ್ತಿಲ ಬಾಗಿಲಿನಿಂದ ಬಂದಂತೆ ಅನಿಸುತ್ತದೆ. ಹಾಗಾಗಿ ನಾಕ್ಸೋಸಿನ ನಕಾಶೆಯಲ್ಲಿ ಪಡುವಣಕ್ಕೆ ಮುಖಮಾಡಿದ ತೀರಗಳನ್ನು ಮಾತ್ರ ಆರಿಸಿ, ಛಾಯಾಚಿತ್ರಗಳ ಸೌಂದರ್ಯವನ್ನು ತೂಗಿ ನೋಡಿ, ಸಂಜೆಯ ಚಹಾದ ಹೊತ್ತಿಗೆ ಹೆಂಡತಿಯ ಮುಂದೆ ಸಾದರಪಡಿಸಿದೆ.

ಹೆಂಡತಿಯ ಹೆಸರು ಜಲಜಾಕ್ಷಿ. ಹೆಸರಿನಲ್ಲಿ ಜಲವಿದ್ದರೂ ಬಾಲ್ಯದಲ್ಲಿ ಆಕೆಗಿದ್ದ ಜಲದ ಹಕ್ಕು ಪಾದ ನೆನೆಯುವಷ್ಟಕ್ಕೆ ಸೀಮಿತವಾಗಿತ್ತು. ಮನೆಯಿಂದ ಕೂಗಳತೆಯಲ್ಲಿ ಕಡಲು; ಅಣ್ಣಂದಿರು ತೆರೆಗೆ ಹಾರಿದರೆ ಅದು ಆಟ, ತಂಗಿ ಲಂಗ ನೆನೆಸಿಕೊಂಡು ಬಂದರೆ ವಿಚಾರಣೆ. ನಮ್ಮ ಕರಾವಳಿಯ ಎಷ್ಟೋ ಹೆಂಗಸರು ಹೀಗೆ ಸಮುದ್ರದ ಸದ್ದು ಕೇಳುತ್ತ ಬೆಳೆದು, ಸಮುದ್ರಕ್ಕಿಳಿಯದೆಯೇ ಮುದುಕಿಯರಾಗುತ್ತಾರೆ. ಜಲಜಾಕ್ಷಿ ಮಾತ್ರ ಐವತ್ತರ ಹತ್ತಿರದಲ್ಲಿ, ಇಲ್ಲಿಯ ಈಜುಕೊಳವೊಂದರಲ್ಲಿ ಹೆಂಗಸರಿಗೆಂದೇ ಮೀಸಲಾದ ಹೊತ್ತಿನಲ್ಲಿ, ಮುಂಗೈಯಿಂದ ಕಣಕಾಲಿನವರೆಗೆ ಮೈಮುಚ್ಚುವ ಈಜುಡುಗೆ ತೊಟ್ಟು, ಕುವೈತಿ ಅಜ್ಜಿಯರ ಜೊತೆ ಈಜು ಕಲಿತಳು. ಮೂಗಿಗೆ ನೀರು ಹೋಗಿ ಕೆಮ್ಮುತ್ತ ಬಂದ ದಿನಗಳಿದ್ದವು. ಹೋಗದೆ ಉಳಿದ ದಿನವಿರಲಿಲ್ಲ. ನನಗೆ ಇದರಲ್ಲಿ ತುಂಬ ಹೆಮ್ಮೆಯಿತ್ತು. ಅದನ್ನು ಹೇಳಲು ಬಾರದೆ, ಶೀತವಾದೀತು ಎಂದಷ್ಟೇ ಹೇಳುತ್ತಿದ್ದೆ.

ನನ್ನ ಚಿತ್ರಪ್ರದರ್ಶನ ಮುಗಿದ ಮೇಲೆ ಅವಳು ಕೇಳಿದಳು: “ಎಲ್ಲ ಚಂದ ಉಂಟು. ಅಲ್ಲಿ ಗಾಳಿ ಎಲ್ಲಿಂದ ಬೀಸುವುದು? ನನಗೆ ಒಮ್ಮೆ ಸಮುದ್ರದಲ್ಲಿ, ನೆಲಕ್ಕೆ ಕಾಲು ತಾಗದ ಹಾಗೆ ಈಜಬೇಕು ಮಾರಾಯ್ರೆ. ಅಷ್ಟೆ.”

ಗಾಳಿಯ ವಿಷಯ ಫೋಟೋಗಳಲ್ಲಿ ಇರಲಿಲ್ಲ. ಗ್ರೀಸಿನ ಗಾಳಿಗೂ ನಮಗೂ ಏನು ಸಂಬಂಧ ಎಂದುಕೊಂಡು ನಾನು ಹೋಟೆಲು ಕಾಯ್ದಿರಿಸಿಬಿಟ್ಟೆ.

ಸಂಬಂಧ ಇತ್ತು. ಬೇಸಿಗೆಯಲ್ಲಿ ಆ ದ್ವೀಪದ ಮೇಲೆ ಬಡಗಣ ಗಾಳಿ ಹಟ ಹಿಡಿದು ಬೀಸುತ್ತದೆ. ನಾನು ಆರಿಸಿದ ಮೊದಲ ತೀರದಲ್ಲಿ ಕೊಡೆಗಳು ಹಾರುತ್ತಿದ್ದವು, ಬಂಗಾರದ ಬಣ್ಣದ ಮರಳು ನೇರ ಕಣ್ಣಿಗೇ ಬರುತ್ತಿತ್ತು, ತೆರೆಗಳಿಗೆ ನಮ್ಮೂರ ಮಳೆಗಾಲದ ಆರ್ಭಟ. ಮರುದಿನದ ತೀರದಲ್ಲೂ ಅದೇ ಕಥೆ. ಸೂರ್ಯಾಸ್ತಗಳು ಅಮೋಘವಾಗಿದ್ದವು ಎಂಬುದನ್ನು ನನ್ನ ಪಕ್ಷದಿಂದ ದಾಖಲಿಸಲೇಬೇಕು. ಈಜುಡುಗೆ ತೊಟ್ಟೇ ಸಿದ್ಧಳಾಗಿ ಬಂದಿದ್ದ ಜಲಜಾಕ್ಷಿ ಎರಡು ದಿನವೂ ನೀರನ್ನೇ ನೋಡುತ್ತ ಕುಳಿತು, ಒಣ ಬಟ್ಟೆಯಲ್ಲೇ ಹಿಂದಿರುಗಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೂರನೆಯ ಬೆಳಿಗ್ಗೆ ಅವಳು ಹೋಟೆಲಿನ ಒಡತಿಯ ಬಳಿ, ಭಾಷೆ ಸಾಲದಿದ್ದಲ್ಲಿ ಕೈಸನ್ನೆ ಸೇರಿಸಿ, ಗಾಳಿ ತಾಗದ ತೀರ ಯಾವುದೆಂದು ಕೇಳಿ ತಿಳಿದುಕೊಂಡಳು. ದ್ವೀಪದ ತೆಂಕಣ ತುದಿಯಲ್ಲಿ, ಗುಡ್ಡದ ಮರೆಯಲ್ಲಿ, ಆಡಿನ ಹಿಕ್ಕೆಯ ವಾಸನೆಯ, ಬರಿಗಾಲಿಗೆ ಚುಚ್ಚುವ ಹರಳುಕಲ್ಲಿನ ಒಂದು ಪುಟ್ಟ ಕೊಲ್ಲಿ. ಅಲ್ಲಿ ಸೂರ್ಯಾಸ್ತ ಕಾಣುವುದಿಲ್ಲ, ಫೋಟೋಕ್ಕೂ ಯೋಗ್ಯವಲ್ಲ. ನೀರು ಮಾತ್ರ ಕೆರೆಯಂತೆ ಸುಮ್ಮನಿತ್ತು. ಅವಳು ಇಳಿದಳು. ಸೊಂಟ, ಎದೆ, ಕುತ್ತಿಗೆ. ಆಮೇಲೆ ಎರಡು ಕೈಗಳು ನೀರನ್ನು ಸರಿಸುತ್ತ ಸರಿಸುತ್ತ ದೂರ ಹೋದವು. ಯಾರು ನೋಡುತ್ತಾರೋ ಎಂದು ನಾನು ಸುತ್ತ ಕಣ್ಣಾಡಿಸಿದೆ. ಇಬ್ಬರು ಮುದುಕರು ತಮ್ಮಷ್ಟಕ್ಕೆ ಕಲ್ಲಂಗಡಿ ತಿನ್ನುತ್ತಿದ್ದರು. ಅವಳ ಚಪ್ಪಲಿ, ಕನ್ನಡಕ, ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ನನಗೆ ಹೊಳೆಯಿತು: ಮಲ್ಪೆಯಿಂದ ಫಿಂಟಾಸಿನವರೆಗೆ ನಾವು ಹೋದ ಪ್ರತಿಯೊಂದು ಕಡಲತೀರದಲ್ಲೂ ಎಲ್ಲರ ಚಪ್ಪಲಿ ಕಾಯುತ್ತ ಕುಳಿತಿದ್ದವಳು ಅವಳೇ. ದೂರದಲ್ಲಿ ತೇಲುತ್ತಿದ್ದ ಆ ತಲೆಯನ್ನು ನೋಡುತ್ತ ನನಗೆ ಕಣ್ಣು ತುಂಬಿತು. ಮರಳು ಹಾರಿ ಬಿತ್ತೆಂದು ಹೇಳೋಣವೆಂದರೆ ಅಲ್ಲಿ ಮರಳೂ ಇರಲಿಲ್ಲ, ಗಾಳಿಯೂ ಇರಲಿಲ್ಲ.

ಕುವೈತಿಗೆ ಮರಳಿದ ಮೇಲೆ ಒಂದು ಶುಕ್ರವಾರ, ಇಲ್ಲಿಯ ಸಬ್ಹಾನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿರುವ ಗದಗಿನ ಗೆಳೆಯ ಪಾಟೀಲ ಫೋನ್ ಮಾಡಿದ. “ಸರ, ಬರೋ ವರ್ಷ ನಾವೂ ಮನಿಮಂದಿ ಎಲ್ಲಾ ಅಲ್ಲೇ ಹೊಂಟೀವ್ರಿ. ಯಾವ ಬೀಚ್ ಚಲೋ ಐತಿ, ಹೇಳ್ರಿ.” ಪಂಡಿತ ಫೋನನ್ನು ಹೆಂಡತಿಯ ಕೈಗೆ ದಾಟಿಸಿದ. ಅವಳು ಯಾವ ತೀರದ ಹೆಸರನ್ನೂ ಹೇಳಲಿಲ್ಲ.

“ನಿಮ್ಮ ಮನೆಯಲ್ಲಿ ನೀರಿಗೆ ಇಳಿಯಬೇಕು ಅಂತ ಆಸೆ ಇರುವುದು ಯಾರಿಗೆ?” ಎಂದು ಕೇಳಿದಳು.



“ತಡೀರಿ ವೈನಿ,” ಅಂದ ಪಾಟೀಲ, “ನಮ್ಮಾಕೀನ್ನ ಕೇಳಿ ಹೇಳ್ತೀನ್ರಿ.”