ಗುಡ್ಡದ ಬೆವರು

ಮಳೆ ಹಿಡಿದು ನಾಲ್ಕಾರು ದಿನ ಕಳೆದರೆ ಹುಮನಾಬಾದಿನ ನಮ್ಮ ಬಾಡಿಗೆ ಮನೆಯ ಹಿಂಗೋಡೆ ಒಸರತೊಡಗುತ್ತದೆ. ಸುಣ್ಣ ಉದುರಿದ ಕಡೆ ಕೆಂಪು ಕಲ್ಲು ಇಣುಕುತ್ತದೆ. ಅದರ ತೂತುಗಳಲ್ಲಿ ಸಣ್ಣ ಹನಿಗಳು ಮೂಡಿ, ಹಸಿ ಮಣ್ಣು, ತುಕ್ಕು, ಹಳೇ ಗಡಿಗೆ ಎಲ್ಲ ಕೂಡಿದಂಥ ಒಂದು ವಾಸನೆ ಅಡಿಗೆಮನೆ ತುಂಬುತ್ತದೆ. ಬಂದವರು ಮೂಗು ಮುರಿಯುತ್ತಾರೆ. ನಾನು ಮಾತ್ರ ಚಹಾ ಉಕ್ಕಿ ಒಲೆಗೆ ಚೆಲ್ಲಿದರೂ ಅರಿವಿಲ್ಲದೆ ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಇದ್ದರೆ ನಾನು ಎಲ್ಲಿಗೆ ಹೋದೆನೆಂದು ಹೇಳಬೇಕಾಗಿಲ್ಲ. ಕೊಹಿನೂರಿನ ಆಚೆ, ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಗೆ, ಆಯಿ ಎಂದು ನಾವೆಲ್ಲ ಕರೆಯುತ್ತಿದ್ದ ನನ್ನ ಅಜ್ಜಿಯ ಬಳಿಗೆ.

ನಮ್ಮ ಗುಡ್ಡ ಎತ್ತರದ್ದೇನಲ್ಲ. ಮಂಠಾಳ ಸಂತೆಯಲ್ಲಿ ಅದನ್ನು ಗುಡ್ಡ ಎಂದರೆ ಜನ ನಗುತ್ತಿದ್ದರು. ಮೇಲೆ ಕೆಂಪು ಕಲ್ಲು, ಕೆಳಗೆ ಕರಿ ಕಲ್ಲು. ಮಳೆಗಾಲವಿಡೀ ಕೆಂಪು ಕಲ್ಲು ನೀರು ಕುಡಿದು, ಆಮೇಲೆ ವರ್ಷವಿಡೀ ಎರಡು ಕಲ್ಲುಗಳ ಸಂದಿಯಿಂದ ಒಂದೊಂದೇ ಹನಿಯಾಗಿ ಬಿಟ್ಟುಕೊಡುತ್ತಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಹನಿಗಳು ಕೂಡಿ ಕಾಲುವೆಯಾಗಿ, ನಮ್ಮ ಅರಿಶಿನ, ಬಳ್ಳೊಳ್ಳಿಯ ಮಡಿಗಳನ್ನು ಹಾದು, ಕೆಳಗಿನವರ ಹೊಲಗಳನ್ನೂ ತೋಯಿಸಿ ಹಳ್ಳ ಸೇರುತ್ತಿದ್ದವು. ಊರಲ್ಲಿ ಅದಕ್ಕೆ ಬೆವರು ಎಂದೇ ಹೆಸರು. ಬೆವರಿಗೆ ಹೋಗಿ ಕೊಡ ತುಂಬಿಕೊಂಡು ಬಾ ಎನ್ನುತ್ತಿದ್ದರು. ಮಳೆಗೆ ಹನಿ ದಪ್ಪಗಾದ ಮೊದಲ ದಿನ ಆಯಿ ಅಲ್ಲಿಗೆ ಹೋಗಿ ಸೆರಗಿನಿಂದ ಕಲ್ಲನ್ನು ಮೆಲ್ಲಗೆ ಒರೆಸುತ್ತಿದ್ದಳು. “ದುಡದ್ ಬಂದವ್ರ ಮಾರಿ ಒರಸಬೇಕವ್ವ, ಇಲ್ಲಂದ್ರ ಮುನಸ್ಕೋತಾರ” ಎಂದು ಆ ತಂಪು ಸೆರಗನ್ನು ನಮ್ಮ ಕಣ್ಣಿಗೆ ಒತ್ತುತ್ತಿದ್ದಳು. ಆ ತಂಪಿನಲ್ಲಿ ಕಣ್ಣು ಮುಚ್ಚಿದರೆ ಗುಡ್ಡವೇ ಉಸಿರಾಡುತ್ತಿದೆ ಎನಿಸುತ್ತಿತ್ತು.

ಆಮೇಲೆ ಗುಡ್ಡದ ಆ ತುದಿಗೆ ಕಲ್ಲಿನ ಖಣಿ ಬಂತು. ಊರವರು ಕೂಡಿ ಕೇಳಿದ್ದು ಒಂದೇ: ಕಲ್ಲು ಒಯ್ಯಿರಿ, ಹೊಲಕ್ಕೆ ನೀರು ಕೊಡುವ ಮಗ್ಗುಲು ಬಿಡಿ. ಝರಿ ಇದ್ದ ಮಗ್ಗುಲನ್ನು ಮುಟ್ಟುವುದಿಲ್ಲ ಎಂದು ಖಣಿಯವರೂ ಒಪ್ಪಿದರು. ಝರಿ ಎಲ್ಲಿದೆಯೆಂದು ನೋಡಿಹೋಗಲು ಕಡುಬೇಸಗೆಯಲ್ಲಿ ಹೊರಗಿನ ಸಾಹೇಬರೊಬ್ಬರು ಬಂದರು. ಗಂಡಸರೆಲ್ಲ ಗುಡ್ಡದ ಮೇಲೆ ಕಾಯುತ್ತಿದ್ದರೆ ಅವರು ಬಾಯಾರಿ ನೇರ ನಮ್ಮ ಅಂಗಳಕ್ಕೇ ಇಳಿದುಬಂದರು. ಆಯಿ ಕೊಟ್ಟ ತಂಬಿಗೆ ನೀರು ಗಟಗಟ ಕುಡಿದು ಕೇಳಿದರು: “ಅಮ್ಮಾ, ಈ ಮಗ್ಗುಲಲ್ಲಿ ಝರಿ ಇದೆಯೇ?”

ಆಯಿಯ ಮಟ್ಟಿಗೆ ಝರಿ ಎಂದರೆ ಬೀದರಿನ ಯಾತ್ರೆಯಲ್ಲಿ ದೇವರ ಗುಹೆಯೊಳಗೆ ಕಂಡದ್ದು, ಎದೆಮಟ್ಟದ ನೀರು. ಅವಳು ನಕ್ಕಳು. “ಝರಿ ಎಲ್ಲದರಿ ಸಾಹೇಬ್ರ? ನಮ್ಮ ಗುಡ್ಡಕ್ಕ ಅಷ್ಟ್ ನಸೀಬ್ ಎಲ್ಲಿಂದ ಬರ್ಬೇಕು!” ಸಾಹೇಬರು ಸಮಾಧಾನದಿಂದ ತಂಬಿಗೆ ಇಳಿಸಿ, ಗುಡ್ಡಕ್ಕೆ ಹೋಗದೆ ಜೀಪಿನತ್ತ ನಡೆದರು. ಕುಡಿದ ನೀರು ಎಲ್ಲಿಯದೆಂದು ಅವರು ಕೇಳಲಿಲ್ಲ.

ವಿಷಯ ತಿಳಿದು ನಮ್ಮ ಕಾಕಾ ಅವರ ಜೀಪಿನ ಹಿಂದೆ ಓಡಿದ. “ಝರಿ ಇಲ್ರಿ, ಖರೇ. ಆದ್ರ ಬೆವರದರಿ!” ಎಂದ. “ಬಿಸಿಲಿನಾಗ ಎಲ್ಲಾರೂ ಬೆವರ್ತಾರಪ್ಪ” ಎಂದು ಡ್ರೈವರ ನಕ್ಕ, ಜೀಪು ಹೊರಟಿತು. ಆಮೇಲೆ ಕಾಕಾ ಕಚೇರಿಗೆ ಎಷ್ಟು ಅಲೆದರೂ ನಿಮ್ಮ ಮನೆಯ ಹಿರಿಯಳೇ ಇಲ್ಲ ಎಂದಿದ್ದಾಳಲ್ಲ ಎಂಬ ಮಾತೇ ಬಂತು. ಗರಗಸದ ಸದ್ದು ವರ್ಷವರ್ಷಕ್ಕೂ ಹತ್ತಿರವಾಯಿತು, ಹನಿ ತೆಳುವಾಯಿತು. ಮೊದಲು ಅರಿಶಿನ ಹೋಯಿತು, ಆಮೇಲೆ ಬಳ್ಳೊಳ್ಳಿ. ಆಯಿಯನ್ನು ಯಾರೂ ಬೈಯಲಿಲ್ಲ. ಆದರೂ ನನಗೆ ಹೆರಳು ಹಾಕುತ್ತ ಅವಳು ಕೈ ನಿಲ್ಲಿಸಿ ಕೇಳುತ್ತಿದ್ದಳು: “ನಾ ಸುಳ್ಳ ಹೇಳ್ಲಿಲ್ಲಲ್ಲವ್ವ?” ಅದನ್ನು ಕೇಳಿಕೊಳ್ಳುತ್ತಲೇ ಅವಳು ಹೋದಳು.

ಮೊನ್ನೆ ಮನೆ ಮಾಲೀಕರು ಗೋಡೆ ನೋಡಲು ಬಂದಿದ್ದರು. ನಿಮ್ಮ ಕೊಹಿನೂರ ಕಡೆಯ ಕಲ್ಲೇ ಇದು, ಚಲೋ ಕಲ್ಲು ಎಂದು ತಟ್ಟಿ ನೋಡಿ, “ಯಾಕ್ರಿ, ಒಳಗ ನಳದ ನೀರ್ ಸೋರಾಕತ್ತದೇನು?” ಎಂದು ಕೇಳಿದರು.

“ಇಲ್ರಿ, ನೀರೇನೂ ಸೋರೂದಿಲ್ಲ” ಎಂದೆ. “ಬೆವತದ.”

ಅವರು ಹೋದ ಮೇಲೆ ಸೆರಗಿನಿಂದ ಕಲ್ಲನ್ನು ಮೆಲ್ಲಗೆ ಒರೆಸಿ, ಆ ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ. ಅದೇ ತಂಪು. ಆಯಿ ಸುಳ್ಳು ಹೇಳಿರಲಿಲ್ಲ.